ಜೆಸ್ಟ್‌ನಲ್ಲಿ ಯೂನಿಟ್ ಟೆಸ್ಟ್: ಮೊದಲು ಇಂಪೋರ್ಟ್ ದೋಷ, ಆಮೇಲೆ ಡಾಕ್ಯುಮೆಂಟ್ ದೋಷ

ಪ್ರಶ್ನೆ:
ನಮಸ್ಕಾರ. ಬ್ರೌಸರ್‌ನಲ್ಲಿ ಸರಿಯಾಗಿ ನಡೆಯುತ್ತಿರುವ ಒಂದು ಜಾವಾಸ್ಕ್ರಿಪ್ಟ್ ವೆಬ್ ಅಪ್ಲಿಕೇಶನ್‌ಗೆ ಯೂನಿಟ್ ಟೆಸ್ಟ್ (ಕೋಡ್‌ನ ಚಿಕ್ಕ ಚಿಕ್ಕ ಭಾಗಗಳ ಪರೀಕ್ಷೆ) ಬರೆಯಲೆಂದು, ಅಂಥ ಟೆಸ್ಟ್‌ಗಳನ್ನು ಓಡಿಸುವ ಸಾಧನವಾದ ಜೆಸ್ಟ್ 29 ಅನ್ನು ಇನ್‌ಸ್ಟಾಲ್ ಮಾಡಿಕೊಂಡಿದ್ದೇನೆ. ಟೆಸ್ಟ್ ಓಡಿಸಿದೊಡನೆ, ಮಾಡ್ಯೂಲ್‌ನ ಹೊರಗೆ ಇಂಪೋರ್ಟ್ ಬಳಸುವಂತಿಲ್ಲ ಎಂಬ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಇಂಪೋರ್ಟ್ ಸಾಲುಗಳನ್ನೆಲ್ಲ ರಿಕ್ವೈರ್‌ಗೆ ಬದಲಿಸಿದಾಗ ಆ ದೋಷ ಹೋಯಿತಾದರೂ, ಡಾಕ್ಯುಮೆಂಟ್ (ಬ್ರೌಸರ್ ಕೊಡುವ, ಪುಟವನ್ನು ಪ್ರತಿನಿಧಿಸುವ ವಸ್ತು) ಎಂಬುದೇ ಇಲ್ಲವೆಂಬ ರೆಫರೆನ್ಸ್ ಎರರ್ ಎದುರಾಯಿತು. ಬ್ರೌಸರ್‌ನಲ್ಲಿ ಅಪ್ಲಿಕೇಶನ್ ಕೂಡ ನಿಂತುಹೋಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ರಿಕ್ವೈರ್‌ಗೆ ಬದಲಿಸಿದ್ದನ್ನು ದಯವಿಟ್ಟು ಮೊದಲಿನಂತೆಯೇ ಮಾಡಿಬಿಡಿ. ನಿಮ್ಮ ಕೋಡ್‌ನಲ್ಲಿ ದೋಷವಿಲ್ಲ. ಜೆಸ್ಟ್ ತಾನಾಗಿ ರಿಕ್ವೈರ್ ಬಳಸುವ ಕಾಮನ್‌ಜೆಎಸ್ ಪದ್ಧತಿಯನ್ನು ನಿರೀಕ್ಷಿಸುತ್ತದೆ, ನೀವು ಬರೆದಿರುವುದು ಇಂಪೋರ್ಟ್ ಬಳಸುವ ಇಎಸ್ ಮಾಡ್ಯೂಲ್. ಜಾವಾಸ್ಕ್ರಿಪ್ಟನ್ನು ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಬೇಬಲ್‌ನ ಕೋರ್ ಮತ್ತು ಪ್ರಿಸೆಟ್-ಎನ್ವ್ ಎರಡನ್ನೂ ಡೆವ್ ಡಿಪೆಂಡೆನ್ಸಿಯಾಗಿ ಸೇರಿಸಿ, ಬೇಬಲ್ ಕಾನ್ಫಿಗ್ ಕಡತದಲ್ಲಿ ಟಾರ್ಗೆಟ್ ಅನ್ನು ಈಗಿನ ನೋಡ್ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಆವೃತ್ತಿ ಎಂದು ಸೂಚಿಸಿದರೆ, ಜೆಸ್ಟ್‌ನ ಜೊತೆಗೇ ಬರುವ ಬೇಬಲ್-ಜೆಸ್ಟ್ ಪ್ರತಿ ಕಡತವನ್ನೂ ಓಡಿಸುವ ಮುನ್ನ ಪರಿವರ್ತಿಸಿಕೊಳ್ಳುತ್ತದೆ.

ಎರಡನೆಯ ದೋಷದ ಮೂಲ ಬೇರೆ. 2021ರಲ್ಲಿ ಬಂದ ಜೆಸ್ಟ್ 27ರಿಂದ ಟೆಸ್ಟ್‌ಗಳು ಪೂರ್ವನಿಯೋಜಿತವಾಗಿ ನೋಡ್ ಪರಿಸರದಲ್ಲಿ ನಡೆಯುತ್ತವೆ, ಅಲ್ಲಿ ಡಾಕ್ಯುಮೆಂಟ್ ಇರುವುದಿಲ್ಲ. 28ರಿಂದ ಜೆಎಸ್‌ಡಾಮ್ (ನೋಡ್‌ನಲ್ಲಿ ಬ್ರೌಸರ್ ಪುಟವನ್ನು ಅನುಕರಿಸುವ ಲೈಬ್ರರಿ) ಪರಿಸರದ ಪ್ಯಾಕೇಜನ್ನು ನಾವೇ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಹಳೆಯ ಪಾಠಗಳನ್ನು ಅನುಸರಿಸಿದವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿಯೇ. ಆದರೆ ಇಡೀ ಯೋಜನೆಗೆ ಜೆಎಸ್‌ಡಾಮ್ ಹಚ್ಚಬೇಡಿ ಎಂಬುದು ನನ್ನ ಸಲಹೆ: ಡಾಮ್ (ಪುಟದ ಅಂಶಗಳ ರಚನೆ) ಮುಟ್ಟುವ ಟೆಸ್ಟ್ ಕಡತದ ತಲೆಯಲ್ಲಿ ಪರಿಸರ ಸೂಚಿಸುವ ಕಾಮೆಂಟ್ ಬರೆದರೆ ಸಾಕು, ಬರೀ ಲೆಕ್ಕಾಚಾರದ ಫಂಕ್ಷನ್‌ಗಳ ಟೆಸ್ಟ್‌ಗಳು ನೋಡ್‌ನಲ್ಲಿ ಬೇಗ ಮುಗಿಯುತ್ತವೆ. ಜೆಎಸ್‌ಡಾಮ್ ಪುಟದ ವಿನ್ಯಾಸವನ್ನು ಲೆಕ್ಕಹಾಕುವುದಿಲ್ಲವಾದ್ದರಿಂದ, ಅಂಶಗಳ ಅಗಲ, ಎತ್ತರ ಕೇಳಿದರೆ ಸೊನ್ನೆಯೇ ಸಿಗುತ್ತದೆ ಎಂಬುದೂ ಗಮನದಲ್ಲಿರಲಿ.

ಪ್ರಶ್ನೆ ಕೇಳಿದವರು:
ಎರಡೂ ಪರಿಹಾರವಾದವು, ಧನ್ಯವಾದಗಳು. ಆದರೆ ಸರ್ವರ್‌ನಿಂದ ಮಾಹಿತಿ ತರುವ ಫಂಕ್ಷನ್‌ನ ಟೆಸ್ಟ್‌ನಲ್ಲಿ, ನಿರೀಕ್ಷಿತ ಮೌಲ್ಯವನ್ನು ಬೇಕೆಂದೇ ತಪ್ಪಾಗಿ ಕೊಟ್ಟರೂ ಅದು ಪಾಸ್ ಆಗುತ್ತಿದೆ.

ಉತ್ತರ:
ಬೇಕೆಂದೇ ತಪ್ಪು ಕೊಟ್ಟು ನೋಡಿದ್ದು ಬಹಳ ಒಳ್ಳೆಯದಾಯಿತು, ಇಲ್ಲವಾದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನೀವು ಪ್ರಾಮಿಸ್‌ಗೆ (ಮುಂದೆ ಬರಲಿರುವ ಫಲಿತಾಂಶಕ್ಕೆ) ಅವೇಟ್ (ಕಾಯುವ ಸೂಚನೆ) ಹಾಕಿಲ್ಲ, ಅದನ್ನು ರಿಟರ್ನ್ ಕೂಡ ಮಾಡಿಲ್ಲ ಎಂದು ತೋರುತ್ತದೆ. ಆಗ ಟೆಸ್ಟ್ ಫಂಕ್ಷನ್ ಕೊನೆಯ ಸಾಲು ಮುಟ್ಟಿದೊಡನೆ ಜೆಸ್ಟ್ ಅದನ್ನು ಮುಗಿಯಿತೆಂದು ಎಣಿಸುತ್ತದೆ, ನಿಮ್ಮ ಎಕ್ಸ್‌ಪೆಕ್ಟ್ (ಮೌಲ್ಯ ಪರಿಶೀಲಿಸುವ ಸಾಲು) ಓಡುವುದು ಫಲಿತಾಂಶ ಬರೆದಾದ ಮೇಲೆ. ಅವೇಟ್ ಸೇರಿಸಿ, ಜೊತೆಗೆ ಟೆಸ್ಟ್‌ನ ಮೊದಲ ಸಾಲಿನಲ್ಲಿ ಎಕ್ಸ್‌ಪೆಕ್ಟ್‌ನ ಅಸರ್ಷನ್ಸ್ ಕರೆಗೆ ನಡೆಯಬೇಕಾದ ಪರಿಶೀಲನೆಗಳ ಸಂಖ್ಯೆಯನ್ನು ಕೊಟ್ಟರೆ, ಅಷ್ಟು ನಡೆಯದಿದ್ದಾಗ ಟೆಸ್ಟ್ ತಾನೇ ಫೇಲ್ ಆಗುತ್ತದೆ. ನಿಜವಾದ ಸರ್ವರ್‌ಗೆ ಹೋಗದೆ, ಸರ್ವರ್‌ನಿಂದ ಮಾಹಿತಿ ತರುವ ಫೆಚ್‌ನ ಜಾಗದಲ್ಲಿ ಜೆಸ್ಟ್‌ನ ಮಾಕ್ (ನಕಲಿ) ಫಂಕ್ಷನ್ ಇಟ್ಟು ಬೇಕಾದ ಉತ್ತರವನ್ನು ನೀವೇ ಕೊಡಿ, 404 (ಕೇಳಿದ್ದು ಸಿಗಲಿಲ್ಲ ಎಂಬ) ಉತ್ತರವನ್ನೂ ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು:
ಅವೇಟ್ ಸೇರಿಸಿದ ಮೇಲೆ ಎರಡು ಟೆಸ್ಟ್‌ಗಳು ಫೇಲ್ ಆದವು. ಒಂದು ನಾನೇ ಕೊಟ್ಟಿದ್ದ ತಪ್ಪು ಮೌಲ್ಯದ್ದು. ಇನ್ನೊಂದು 404ರದ್ದು: ಸರ್ವರ್ 404 ಕಳಿಸಿದರೂ ಫೆಚ್‌ನ ಪ್ರಾಮಿಸ್ ರಿಜೆಕ್ಟ್ ಆಗುವುದಿಲ್ಲವೆಂದು ತಿಳಿಯದೆ, ಉತ್ತರ ಯಶಸ್ವಿಯೇ ಎಂದು ತಿಳಿಸುವ ಓಕೆ ಗುಣವನ್ನು ಪರಿಶೀಲಿಸದೆಯೇ ನಾನು ಮುಂದುವರಿದಿದ್ದೆ. ಅಪ್ಲಿಕೇಶನ್‌ನಲ್ಲಿಯೇ ಇದ್ದ ಆ ತಪ್ಪನ್ನು ಈಗ ತಿದ್ದಿದ್ದೇನೆ.