ಅಪ್‌ಡೇಟ್: ಅಪ್ಪನ ಲಿವರ್ ಆಪರೇಷನ್ ಕೊನೆಗೂ ಆಯಿತು

ಲಿವರ್‌ನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ, ಅದನ್ನು ತೆಗೆದರೆ ಉಳಿಯುವ ಎಡಭಾಗ ತೀರಾ ಚಿಕ್ಕದು, ಏನು ಮಾಡೋದು ಅಂತ ಕೇಳಿದ್ದೆ ಅಲ್ವಾ? ಯಿಟ್ರಿಯಂ-90 (ವಿಕಿರಣ ಸೂಸುವ ಪುಟ್ಟ ಮಣಿಗಳನ್ನು ರಕ್ತನಾಳದ ಮೂಲಕ ಗಡ್ಡೆಗೆ ಬಿಡುವ ಚಿಕಿತ್ಸೆ) ಬಗ್ಗೆ ವಿಚಾರಿಸಿ ಅಂದವರಿಗೆ ಥ್ಯಾಂಕ್ಸ್, ಅದೇ ಕೈ ಹಿಡಿಯಿತು. ಲಿವರ್‌ಗೆ ಕರುಳಿನಿಂದ ರಕ್ತ ತರುವ ಪೋರ್ಟಲ್ ರಕ್ತನಾಳದ ಬಲಗಡೆಯ ಕವಲು ಮುಚ್ಚಿಸುವ ಸಲಹೆ ನಮಗೆ ಹೊಂದಲಿಲ್ಲ. ಎಡಭಾಗ ಬೇಗ ಬೆಳೆಯುತ್ತದಂತೆ, ಆದರೆ ಗಡ್ಡೆ ಹಾಗೇ ಉಳಿಯುತ್ತದೆ.

ಮೊದಲು ಒಂದು ರಿಹರ್ಸಲ್. ಮಣಿಗಳು ಶ್ವಾಸಕೋಶಕ್ಕೆ ಸೋರುತ್ತವಾ ಅಂತ ನೋಡಿದರು. ಆಮೇಲೆ ತೊಡೆಸಂದಿಯ ನಾಳದಿಂದ ವಿಕಿರಣದ ಪುಟ್ಟ ಮಣಿಗಳನ್ನು ಗಡ್ಡೆಯ ಕಡೆಗೆ ಬಿಟ್ಟರು. ಆ ವಿಕಿರಣದ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಸಮಯ, ಸುಮಾರು 64 ಗಂಟೆ ಅಷ್ಟೇ. ನಾನು ಸುಮ್ನೆ ಹೆದರಿದ್ದೆ. ಎರಡು ವಾರ ಅಪ್ಪನಿಗೆ ಜಾಸ್ತಿ ಸುಸ್ತು, ಊಟ ಸೇರಲಿಲ್ಲ.

ಆಶ್ಚರ್ಯ ಏನೆಂದರೆ, ಗಡ್ಡೆ ಕುಗ್ಗುತ್ತಿದ್ದಂತೆ ಎಡಭಾಗವೂ ಬೆಳೆಯಿತು! ಕಾದಿದ್ದು ಮೂರು ತಿಂಗಳು. ಹತ್ತು ದಿನದ ಹಿಂದೆ ಆಪರೇಷನ್ ಆಯಿತು. ಈಗ ಮನೆಯಲ್ಲಿ ಕಾಫಿ ಬೇಕು ಅಂತ ಜಗಳ.