ಹಳೆಯ ಕೇಬಲ್ಲಿನ ಸೀಸ ಬಿಡಿಸುವುದು ಹೇಗೆ? – ಪ್ರಶ್ನೋತ್ತರ

ಪ್ರಶ್ನೆ (ಗುಜರಿ ವ್ಯಾಪಾರಿ, ಕಪನೂರ, ಕಲಬುರಗಿ):
ಶರಣು ಸರ್. ಶಹಾಬಾದ್ ಕಡೆಯ ಮುಚ್ಚಿಹೋದ ಕಾರ್ಖಾನೆಯೊಂದರ ಹರಾಜಿನಲ್ಲಿ ನೆಲದಡಿಯ ಹಳೆಯ ಕೇಬಲ್ ಕೊಂಡಿದ್ದೇನೆ. ಮೇಲೆ ಡಾಂಬರು ಮೆತ್ತಿದ ಸೆಣಬು, ಅದರ ಕೆಳಗೆ ಉಕ್ಕಿನ ಪಟ್ಟಿ, ಆಮೇಲೆ ಸೀಸ, ಸೀಸದೊಳಗೆ ಎಣ್ಣೆ ಕುಡಿದ ಕಾಗದ ಸುತ್ತಿದ ತಂತಿಗಳಿವೆ. ಗ್ರೈಂಡರ್ ಹಿಡಿದು ಸೀಳೋಣ, ಇಲ್ಲವೇ ಊರ ಹೊರಗೆ ಒಯ್ದು ಸುಡೋಣ ಎಂದು ಹುಡುಗರು ಹೇಳುತ್ತಾರೆ. ಸುಟ್ಟ ತಾಮ್ರಕ್ಕೆ ದರ ಕಡಿಮೆ ಎಂಬುದೊಂದೇ ನನ್ನ ಅಳುಕು. ಯಾವುದು ಸರಿ?

ಉತ್ತರ (ನಿವೃತ್ತ ವಿದ್ಯುತ್ ಇಂಜಿನಿಯರ್, ಭೂಗತ ಕೇಬಲ್ ಕೆಲಸ):
ಶರಣು. ನಿಮ್ಮ ಅಳುಕು ದರದ ಬಗ್ಗೆ ಮಾತ್ರ ಇರುವುದನ್ನು ಕಂಡು ನನಗೆ ಅಳುಕಾಯಿತು. ಸೀಸವು ಹಾಳೆಯಾಗಿ ಇರುವವರೆಗೆ, ಕೈ ತೊಳೆಯುವ ಶಿಸ್ತು ಇದ್ದವರು ಅದನ್ನು ಮುಟ್ಟಿ ಕೆಲಸ ಮಾಡಬಹುದು; ಪುಡಿಯಾದರೆ ಅಥವಾ ಹೊಗೆಯಾದರೆ ಅದು ಉಸಿರಿನೊಡನೆ ರಕ್ತ ಸೇರಿ, ಎಲುಬಿನಲ್ಲಿ ವರ್ಷಾನುಗಟ್ಟಲೆ ಕೂರುತ್ತದೆ. ಗ್ರೈಂಡರ್ ಪುಡಿ ಮಾಡುತ್ತದೆ, ಬೆಂಕಿ ಹೊಗೆ ಮಾಡುತ್ತದೆ. ಅದೂ ಅಲ್ಲದೆ ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ, ಬಯಲಿನಲ್ಲಿ ಸುಟ್ಟರೆ ನೀವು ದುಡ್ಡು ಕೊಟ್ಟು ತಂದ ಸರಕೇ ಬೂದಿಯಲ್ಲಿ, ಮಣ್ಣಿನಲ್ಲಿ ಇಳಿದು ಹೋಗುತ್ತದೆ.

ಜಾಯಿಂಟರ್‌ಗಳು ಕೇಬಲ್ ಜೋಡಿಸುವಾಗ ಮಾಡುತ್ತಿದ್ದ ಕ್ರಮವೇ ನಿಮಗೂ ಸಾಕು. ಕೇಬಲ್ಲನ್ನು ಒಂದು ಮೀಟರ್ ಒಳಗಿನ ತುಂಡುಗಳಾಗಿ ಹೈಡ್ರಾಲಿಕ್ ಕಟರ್‌ನಿಂದ ಕತ್ತರಿಸಿ; ಅದು ಇಲ್ಲದಿದ್ದರೆ ಕೈಗರಗಸ ಸಾಕು, ಆದರೆ ಕೊಯ್ಯುವ ಜಾಗವನ್ನು ಒದ್ದೆ ಮಾಡಿಕೊಳ್ಳಿ. ಸೆಣಬನ್ನು ಚಾಕುವಿನಿಂದ ಬಿಡಿಸಿದ ಮೇಲೆ, ಸುರುಳಿಯಾಗಿ ಸುತ್ತಿದ ಉಕ್ಕಿನ ಪಟ್ಟಿಯ ತುದಿ ಸಿಕ್ಕರೆ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಅದರ ಅಂಚು ಹರಿತ, ತೊಗಲಿನ ಕೈಗವಸು ಬೇಕು. ಆಮೇಲೆ ಸೀಸದ ಮೇಲೆ ಉದ್ದಕ್ಕೂ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆಗಳನ್ನು ಚಾಕುವಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೊರೆಯಿರಿ, ನಡುವಿನ ಪಟ್ಟಿಯನ್ನು ಇಕ್ಕಳದಿಂದ ಎಳೆದು ತೆಗೆಯಿರಿ. ಉಳಿದ ಹೊದಿಕೆ ಬಾಳೆಹಣ್ಣಿನ ಸಿಪ್ಪೆಯಂತೆ ಅಗಲವಾಗಿ ತೆರೆದುಕೊಳ್ಳುತ್ತದೆ, ಪುಡಿ ಬಹುಮಟ್ಟಿಗೆ ಏಳುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಡಾಂಬರು ಅಂಟಾಗಿ ಚಾಕುವನ್ನೇ ಹಿಡಿದುಕೊಳ್ಳುತ್ತದೆ, ಕಾಗದದ ಎಣ್ಣೆಯೂ ಜಿನುಗುತ್ತದೆ. ಅವಸರವಿಲ್ಲದಿದ್ದರೆ ಚಳಿಗಾಲದ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ಆಗ ಡಾಂಬರು ಪೆಡಸಾಗಿ ಉದುರುತ್ತದೆ.

ಇನ್ನು ಲೆಕ್ಕದ ಮಾತು. ಕೇಬಲ್ ಕಂಡ ಕೂಡಲೇ ಎಲ್ಲರೂ ತಾಮ್ರವನ್ನೇ ಎಣಿಸುತ್ತಾರೆ. 40 ಮಿಲಿಮೀಟರ್ ಒಳವ್ಯಾಸ, 2 ಮಿಲಿಮೀಟರ್ ದಪ್ಪದ ಸೀಸದ ಹೊದಿಕೆ ಒಂದು ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಒಳಗೆ 95 ಚದರ ಮಿಲಿಮೀಟರಿನ ಮೂರು ತಾಮ್ರದ ವಾಹಕಗಳಿದ್ದರೆ ಅವು ಸುಮಾರು ಎರಡೂವರೆ ಕಿಲೋ, ಅದೇ ಅಲ್ಯುಮಿನಿಯಂ ಆದರೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು. ಹೀಗಾಗಿ ತುದಿಯನ್ನು ಕೆರೆದು ಒಳಗಿನ ಲೋಹ ನೋಡದೆ ಹರಾಜಿನಲ್ಲಿ ಕೂಗಬಾರದು. ಬಿಡಿಸಿದ ಸೀಸಕ್ಕೆ ಕಾಗದ, ಡಾಂಬರು ಅಂಟಿದ್ದರೆ ಕೊಳ್ಳುವವನು ತೂಕ ಹೊಡೆಯುತ್ತಾನೆ, ಒರೆಸಿ ಸುತ್ತಿಡಿ.

ಹರಾಜಿನ ರಸೀದಿ, ಗೇಟ್ ಪಾಸ್ ಎರಡನ್ನೂ ಅಂಗಡಿಯಲ್ಲೇ ಇಟ್ಟುಕೊಳ್ಳಿ. ವಿದ್ಯುತ್ ಮಾರ್ಗದ ಸಾಮಗ್ರಿಯನ್ನು ಒಡೆಯನ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ದಾಸ್ತಾನು ಮಾಡುವುದೂ 2003ರ ವಿದ್ಯುತ್ ಕಾಯ್ದೆಯ 136ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ.

ಪ್ರಶ್ನೆ (ಬೀದರ್):
ಸರ್, ಸೀಸವನ್ನು ಹಿತ್ತಲಿನಲ್ಲೇ ಕರಗಿಸಿ ಗಟ್ಟಿ ಮಾಡಿ ಮಾರಿದರೆ ಹೆಚ್ಚು ಸಿಗುವುದಿಲ್ಲವೇ?

ಉತ್ತರ:
ಮಾಡಬೇಡಿ. ಹಿತ್ತಲ ಒಲೆಯ ಉರಿ ನಿಮ್ಮ ಹತೋಟಿಯಲ್ಲಿರುವುದಿಲ್ಲ. ಬಿಸಿ ಏರಿದಂತೆಲ್ಲ ಆವಿ ಹೆಚ್ಚುತ್ತದೆ, ಮೇಲೆ ಕಟ್ಟುವ ಕಿಟ್ಟವನ್ನು ಕೆದಕಿದಾಗ ಏಳುವ ಪುಡಿ ಅದಕ್ಕಿಂತ ಕೆಟ್ಟದ್ದು. ಕೇಬಲ್ಲಿನ ಸೀಸದಲ್ಲಿ ಬಹುವೇಳೆ ತವರ, ಆಂಟಿಮನಿ ಸೇರಿರುತ್ತವೆ, ಕೊಳ್ಳುವವನು ಹಾಳೆಯನ್ನು ನೋಡಿ ಗುರುತಿಸುವ ಮಾಲನ್ನು ಗಟ್ಟಿಯಾಗಿಸಿದರೆ ಅವನಿಗೆ ಅನುಮಾನವೇ ಹೆಚ್ಚು. ಸೀಸದ ಗುಜರಿಯ ಮರುಬಳಕೆಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಅದು ಇರುವ ಘಟಕಕ್ಕೇ ಹಾಳೆಯಾಗಿ ಕೊಡಿ.

ಪ್ರಶ್ನೆ (ಯಾದಗಿರಿ):
ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಸೀಸ ಇಳಿಯುತ್ತದೆ ಎಂದು ನಮ್ಮ ಮೇಸ್ತ್ರಿ ಹೇಳುತ್ತಾರೆ, ನಿಜವೇ?

ಉತ್ತರ:
ಇಲ್ಲ. ಸೇರಿದ ಸೀಸವನ್ನು ಬೆಲ್ಲವಾಗಲಿ ಹಾಲಾಗಲಿ ಹೊರಗೆ ಹಾಕುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಿಕೊಳ್ಳುತ್ತದೆ ಎಂಬುದು ಮಾತ್ರ ನಿಜ. ಆದ್ದರಿಂದ ರೊಟ್ಟಿ, ಪುಂಡಿಪಲ್ಯ, ಮೊಸರು ಉಂಡೇ ಕೆಲಸಕ್ಕೆ ಕೂರಿ, ನಡುವೆ ಏನನ್ನಾದರೂ ತಿನ್ನುವ ಮುಂಚೆ ಸೋಪು ಹಚ್ಚಿ ಕೈ, ಮುಖ ತೊಳೆಯಿರಿ. ಕೆಲಸದ ಜಾಗದಲ್ಲಿ ಬೀಡಿ, ತಂಬಾಕು ಬೇಡ, ಏಕೆಂದರೆ ಬೆರಳಿನ ಸೀಸ ನೇರವಾಗಿ ಬಾಯಿಗೆ ಹೋಗುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಆದರೂ ಇರಲಿ. ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬದಲಿಸಿ, ಮನೆಯವರ ಬಟ್ಟೆಯೊಡನೆ ತೊಳೆಯಬೇಡಿ. ಮಕ್ಕಳಿಗೂ ಗರ್ಭಿಣಿಯರಿಗೂ ಇದರ ಹಾನಿ ಎಲ್ಲರಿಗಿಂತ ಹೆಚ್ಚು. ಎಣ್ಣೆ ಕಾಗದವನ್ನು ನೀರು ಕಾಯಿಸುವ ಒಲೆಗೆ ಹಾಕುವ ರೂಢಿ ಕೆಲವೆಡೆ ಇದೆ, ಅದನ್ನೂ ನಿಲ್ಲಿಸಿ. ಹೊಟ್ಟೆನೋವು, ಮಲಬದ್ಧತೆ, ಮಣಿಕಟ್ಟಿನ ನಿಶ್ಶಕ್ತಿ ಕಾಣಿಸಿಕೊಳ್ಳುವವರೆಗೆ ಕಾಯದೆ, ಈ ಕೆಲಸವನ್ನು ನಿತ್ಯ ಮಾಡುವವರು ವೈದ್ಯರಿಗೆ ಕಸುಬು ಏನೆಂದು ತಿಳಿಸಿ ರಕ್ತದಲ್ಲಿನ ಸೀಸದ ಪ್ರಮಾಣದ ಪರೀಕ್ಷೆ ಮಾಡಿಸಿಕೊಳ್ಳಿ.