ಮೊಂತಿ ಹಬ್ಬದ ಸ್ವಾಗತ ದ್ವಾರಕ್ಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಹತ್ತಿರದ ಒಂದು ಚರ್ಚಿನ ಯುವಜನರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ಹೊಸ ತೆನೆಯ ಹಬ್ಬ) ಈ ಸಲ ಊರಿನವರನ್ನೆಲ್ಲ ಕರೆಯಬೇಕು ಅಂತ ಆಸೆ. ಅದಕ್ಕೆ ಗೇಟಿನ ಹತ್ತಿರ ತೆಂಗಿನ ಗರಿ, ಹೂವು, ಭತ್ತದ ತೆನೆಗಳಿಂದಲೇ ದ್ವಾರ ಕಟ್ಟುತ್ತಿದ್ದೇವೆ. ಅವತ್ತು ಆಶೀರ್ವಾದ ಮಾಡಿದ ತೆನೆಯನ್ನು ಮನೆಗೆ ಒಯ್ದು ಹೊಸ ಅಕ್ಕಿ ಊಟ ಮಾಡುತ್ತೇವೆ. ತುಳುವರ ಮನೆಗಳಲ್ಲೂ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ ಅಲ್ವಾ? ಅದಕ್ಕೇ ಎಲ್ಲರೂ ಬರಲಿ ಅಂತ.

ದ್ವಾರದ ಮೇಲೆ ‘ಸ್ವಾಗತ’ ಅಂತ ಕನ್ನಡ, ಕೊಂಕಣಿ, ತುಳು, ಬ್ಯಾರಿ ನಾಲ್ಕರಲ್ಲೂ ಬರೆಯಬೇಕು. ಬ್ಯಾರಿಯಲ್ಲಿ ಮನೆಮಾತಿನ ಹಾಗೆ ಹೇಗೆ ಕರೆಯುತ್ತಾರೆ, ತಿಳಿದವರು ಹೇಳಿ. ಗರಿ ಹೆಣೆಯಲು ಬರುವ ಹಿರಿಯರು ಯಾರಾದರೂ ಒಂದು ಸಂಜೆ ಬಂದು ಕಲಿಸಿಕೊಡುತ್ತೀರಾ? ಗದ್ದೆ ಇರುವವರು ಒಂದೆರಡು ಹಿಡಿ ತೆನೆ ಕೊಟ್ಟರೂ ಸಾಕು. ಪ್ಲಾಸ್ಟಿಕ್ ಹೂವು ಮಾತ್ರ ಬೇಡ.